ಹಾರುವ ದೋಣಿಯ ದುಂಡು ಅಂಚು

ಒಂಬತ್ತು ವರ್ಷ ನಾನು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತ ಬಂದೆ. ಗಡಹಿಂಗ್ಲಜದ ಎಸ್.ಟಿ. ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ, ಮದುವೆಮನೆಯ ಪಂಕ್ತಿಯಲ್ಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಯಾರಾದರೊಬ್ಬರು ಕೇಳಿಯೇ ಬಿಡುತ್ತಿದ್ದರು: ಪಿಎಚ್.ಡಿ. ಮಾಡುತ್ತೀರಂತಲ್ಲ, ಯಾವ ವಿಷಯ? ಹಾರುವ ದೋಣಿ ಎನ್ನುತ್ತಿದ್ದೆ. ಚೇಷ್ಟೆ ಮಾಡುತ್ತಿದ್ದಾಳೋ ಏನೋ ಎಂದು ಅವರು ಒಂದು ಗಳಿಗೆ ನನ್ನ ಮುಖ ನೋಡುತ್ತಿದ್ದರು. ಆಮೇಲೆ, ನಮ್ಮ ಕಡೆ ಸಮುದ್ರವೇ ಇಲ್ಲವಲ್ಲ ಎಂದು, ಆ ಸುದ್ದಿ ನನಗಿನ್ನೂ ಮುಟ್ಟಿಲ್ಲವೆಂಬಂತೆ ತಿಳಿಸುತ್ತಿದ್ದರು. ಮೊದಲ ಎರಡು ವರ್ಷ ನಗುನಗುತ್ತ ವಿವರಿಸಿದೆ. ಆಮೇಲೆ ನಗುವುದನ್ನು ಬಿಟ್ಟೆ. ಕೊನೆಕೊನೆಗೆ "ದೋಣಿ" ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.

ಹಾರುವ ದೋಣಿ ಎಂದರೆ ಗಾಲಿಯಿಲ್ಲದ ವಿಮಾನ. ಅದರ ಹೊಟ್ಟೆಯೇ ದೋಣಿ. ನೀರಿನ ಮೇಲೆ ಇಳಿಯುತ್ತದೆ, ನೀರಿನ ಮೇಲಿನಿಂದಲೇ ಏಳುತ್ತದೆ. ಅದು ಹೇಗೆ ಹಾರುತ್ತದೆ ಎಂಬುದು ನನ್ನ ವಿಷಯವಲ್ಲ. ಏಳುವ ಮುಂಚೆ ನೀರಿನಲ್ಲಿ ಓಡುತ್ತದಲ್ಲ, ಆ ಅರ್ಧ ನಿಮಿಷ ನನ್ನದು. ಆ ಅರ್ಧ ನಿಮಿಷದಲ್ಲಿ ತಳವು ನೀರನ್ನು ಸೀಳಿ ಎರಡೂ ಬದಿಗೆ ಎರಚುತ್ತದೆ. ಎರಚಿದ ನೀರು ಅಗಲಕ್ಕೆ ಹೋದರೆ ಸರಿ. ಮೇಲಕ್ಕೆ ಹೋದರೆ ಪ್ರೊಪೆಲರಿಗೆ ಬಡಿಯುತ್ತದೆ, ಗಾಜಿಗೆ ಬಡಿಯುತ್ತದೆ, ಚಾಲಕನಿಗೆ ಮುಂದಿನದು ಕಾಣುವುದಿಲ್ಲ. ಇನ್ನೊಂದು ಕಾಟವೂ ಇದೆ. ಓಟ ಜೋರಾದಂತೆ ಕೆಲವು ದೋಣಿಗಳು ಮೂಗು ಎತ್ತಿ ಕುಕ್ಕಲು ತೊಡಗುತ್ತವೆ. ಒಂದು ಸಲ ಶುರುವಾದರೆ ಒಂದೊಂದು ಕುಕ್ಕಿಗೂ ತೂಗಾಟ ಹೆಚ್ಚುತ್ತ ಹೋಗಿ, ಕಡೆಗೆ ಮೂಗು ನೀರಿಗೆ ಹೋಗುತ್ತದೆ. ಇವೆರಡಕ್ಕೂ ಮದ್ದು ತಳದ ಆಕಾರದಲ್ಲಿದೆ. ತಳದ ನಡುವೆ ಎಷ್ಟು ಚೂಪಾದ ಏಣು ಇರಬೇಕು, ತಳವೂ ಪಕ್ಕವೂ ಕೂಡುವ ಅಂಚು ಹೇಗಿರಬೇಕು, ತಳದ ಮಧ್ಯದಲ್ಲಿ ಅಡ್ಡಕ್ಕೆ ಒಂದು ಮೆಟ್ಟಿಲು ಕಡಿಯುತ್ತಾರಲ್ಲ, ಅದು ಎಷ್ಟು ಎತ್ತರ ಇರಬೇಕು. ಒಂಬತ್ತು ವರ್ಷ ನಾನು ಅರೆದದ್ದು ಇಷ್ಟನ್ನೇ.

ವಿಷಯ ನಾನಾಗಿ ಆರಿಸಿಕೊಂಡದ್ದಲ್ಲ. ಜಲಾಶಯಗಳಲ್ಲಿ ನೀರಿನ ವಿಮಾನ ಇಳಿಯುತ್ತವೆ ಎಂಬ ಮಾತು ಎದ್ದಿದ್ದ ಕಾಲ ಅದು. ನನ್ನ ಮಾರ್ಗದರ್ಶಕರು ಉಮೇದಿಯಲ್ಲಿ ಇದನ್ನೇ ಮಾಡು ಎಂದರು. ಮಾತು ತಣ್ಣಗಾಯಿತು, ಅವರು ನಿವೃತ್ತರಾಗಿ ಮಗಳ ಊರಿಗೆ ಹೋದರು, ದೋಣಿ ಮತ್ತು ನಾನು ಉಳಿದೆವು. ನನ್ನದು ವರ್ಷವರ್ಷಕ್ಕೆ ಕರಾರು ಬರೆದುಕೊಡುವ ಕಾಲೇಜಿನ ನೌಕರಿ. ಪದವಿ ಕೈಗೆ ಬರದಿದ್ದರೆ ಮುಂದಿನ ಕರಾರು ಇಲ್ಲ, ನಿಯಮ ಹಾಗಿತ್ತು. ನೋಂದಣಿಯ ಗಡುವನ್ನು ಎರಡು ಸಲ ಮುಂದೆ ಹಾಕಿಸಿಕೊಂಡಿದ್ದೆ. ಹೋದ ವರ್ಷದ ಮಾರ್ಚ್ ಕೊನೆ ಎಂದರೆ ಕೊನೆ. ನನ್ನ ಪ್ರಯೋಗ ಯಾವ ದೊಡ್ಡ ಸಂಸ್ಥೆಯ ಕೊಳದಲ್ಲೂ ಆಗಿರದ ಕಾರಣ ವಿಶ್ವವಿದ್ಯಾಲಯದ ಸಮಿತಿಯವರು ಒಂದು ಷರತ್ತು ಹಾಕಿದ್ದರು: ಹೊರಗಿನ ಪರೀಕ್ಷಕರೊಬ್ಬರು ಬಂದು ಮಾದರಿಯ ಓಟವನ್ನು ಕಣ್ಣಾರೆ ನೋಡಿ ದಾಖಲೆ ಪುಸ್ತಕಕ್ಕೆ ಸಹಿ ಹಾಕಬೇಕು. ಆ ಒಂದು ಸಹಿಯ ಮೇಲೆ ನನ್ನ ಒಂಬತ್ತು ವರ್ಷ ನಿಂತಿತ್ತು.

ಓಟದ ವ್ಯವಸ್ಥೆ ನನ್ನ ಕೈಯಾರೆ ಮಾಡಿದ್ದು. ಗಡಹಿಂಗ್ಲಜದ ಹೊರಗೆ ಹಿರಣ್ಯಕೇಶಿ ಹೊಳೆಗೆ ಒಂದು ಬಂಧಾರ ಇದೆ, ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಒಡ್ಡು. ಚಳಿಗಾಲ ಮುಗಿಯುವ ಹೊತ್ತಿಗೆ ಅದರ ಹಿಂದೆ ನೀರು ಅಲ್ಲಾಡದೆ ಉದ್ದಕ್ಕೆ ನಿಂತಿರುತ್ತದೆ. ಇಚಲಕರಂಜಿಯಲ್ಲಿ ಮಗ್ಗ ನಡೆಸುವ ನಮ್ಮ ಮಾವ, ಹಾಸುನೂಲು ಸುತ್ತುವ ಹಳೆಯ ಡ್ರಮ್ಮನ್ನೂ ಅದರ ಮೋಟಾರನ್ನೂ ಕೊಟ್ಟಿದ್ದ. ಡ್ರಮ್ಮು ದಂಡೆಯ ಈ ತುದಿಯಲ್ಲಿ, ಮಾದರಿ ಆ ತುದಿಯಲ್ಲಿ, ನಡುವೆ ಗಟ್ಟಿ ದಾರ. ಮೋಟಾರು ತಿರುಗಿದರೆ ಮಾದರಿ ನೀರಿನ ಮೇಲೆ ಓಡಿ ಬರುತ್ತಿತ್ತು. ಪ್ರೊಪೆಲರ್ ಇರಬೇಕಾದ ಜಾಗದಲ್ಲಿ ಗುಲಾಲು ಉಜ್ಜಿದ ರಟ್ಟಿನ ಬಿಲ್ಲೆ ಸಿಕ್ಕಿಸುತ್ತಿದ್ದೆ. ನೀರು ಬಿದ್ದಲ್ಲಿ ಗುಲಾಲು ಕಪ್ಪಾಗುತ್ತದೆ, ಎಷ್ಟು ಜಾಗ ತೋಯ್ದಿದೆ ಎಂದು ಅಳೆಯಬಹುದು. ಕರೆಂಟು ಪಕ್ಕದ ಹೊಲದ ಪಂಪಿನ ಮನೆಯಿಂದ. ಅದು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಹಗಲು ಬಂದ ವಾರ ಮಾತ್ರ ನನ್ನ ದೋಣಿ ಓಡುತ್ತಿತ್ತು.

ಎಲ್ಲ ಇತ್ತು, ಸರಿಯಾದ ಮಾದರಿ ಇರಲಿಲ್ಲ. ಮೊದಲನೆಯದನ್ನು ಥರ್ಮಾಕೋಲಿನಲ್ಲಿ ಮಾಡಿದೆ, ಮೂರನೇ ಓಟಕ್ಕೆ ಮುರಿಯಿತು. ಎರಡನೆಯದನ್ನು ಫೈಬರಿನಲ್ಲಿ ಮಾಡಿಸಿದೆ, ಬಿಸಿಲಿಗೆ ತಳವೇ ಡೊಂಕಾಯಿತು. ಆಗ ಅಣ್ಣ ತಾನಾಗಿ, ನಾ ಮಾಡಿಕೊಡ್ತೇನಿ ಎಂದ.

ಅಣ್ಣ ಪ್ಯಾಟರ್ನ್ ಮಿಸ್ತ್ರಿ. ಕೊಲ್ಹಾಪುರದ ಹತ್ತಿರ ಗೋಕುಳ ಶಿರಗಾಂವದಲ್ಲಿ ಅವನದೊಂದು ಶೆಡ್ಡು. ಫೌಂಡ್ರಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಮುಂಚೆ ಬೇಕಾದ ಭಾಗವನ್ನು ಮೊದಲು ಕಟ್ಟಿಗೆಯಲ್ಲಿ ಮಾಡುತ್ತಾರೆ, ಅದೇ ಪ್ಯಾಟರ್ನು. ಅದನ್ನು ಮಣ್ಣಿನಲ್ಲಿ ಒತ್ತಿ ತೆಗೆದರೆ ಅಚ್ಚು ಉಳಿಯುತ್ತದೆ, ಅದರೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಅಪ್ಪನಿಗೂ ಅದೇ ಕೆಲಸವಿತ್ತು. ಅಪ್ಪನಿಗೆ ಎದೆ ಹಿಡಿದುಕೊಂಡು ಕೆಲಸ ನಿಂತ ವರ್ಷ ಅಣ್ಣ ಹತ್ತನೆಯ ಇಯತ್ತೆ ಬಿಟ್ಟು ಉಳಿ ಹಿಡಿದ. ನಾನು ಓದಿದೆ. ಈ ಮಾತನ್ನು ಅವನು ಒಂದು ದಿನವೂ ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮಿಸ್ತ್ರಿಗಳಿಗೆ ಒಂದು ರಿವಾಜು ಇದೆ. ಹೊಸ ಪ್ಯಾಟರ್ನು ತಂದು ಟೇಬಲ್ಲಿನ ಮೇಲೆ ಇಟ್ಟಾಗ, ಅವನ ಎದುರಿಗೆ ಯಾರೂ ಅದಕ್ಕೆ ಅಳತೆಪಟ್ಟಿ ಹಚ್ಚುವುದಿಲ್ಲ. ಕೈಯಾಡಿಸಿ ನೋಡುತ್ತಾರೆ, ಚಹಾ ಕುಡಿಸುತ್ತಾರೆ, ಅವನು ಹೋದ ಮೇಲೆ ಅಳೆಯುತ್ತಾರೆ. ಎದುರಿಗೆ ಅಳೆದರೆ ನಿನ್ನ ಕೈಯ ಮೇಲೆ ಭರವಸೆ ಇಲ್ಲ ಎಂದಂತೆ. ಅಪ್ಪನ ಎದುರಿಗೆ ಒಬ್ಬ ಸುಪರ್ವೈಜರು ಪಟ್ಟಿ ತೆಗೆದನೆಂದು ಅಪ್ಪ ಆ ಫೌಂಡ್ರಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಈ ಕಥೆಯನ್ನು ನಮ್ಮ ಮನೆಯಲ್ಲಿ ಅಪ್ಪನ ಶೌರ್ಯವೆಂದು ಹೇಳಿಕೊಂಡೇ ನಾವು ದೊಡ್ಡವರಾದೆವು.

ಜನವರಿಯ ಕೊನೆಗೆ ಅಣ್ಣ ಮಾದರಿ ತಂದ. ನಾಲ್ಕು ಫೂಟು ಉದ್ದದ್ದನ್ನು ಅವ್ವನ ಹಳೆಯ ಚಾದರದಲ್ಲಿ ಸುತ್ತಿ, ಎಸ್.ಟಿ.ಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮಹಾಗಾಂವದ ನಮ್ಮ ಮನೆಯ ತನಕ ಬಂದಿದ್ದ. ಕಂಡಕ್ಟರ್ ಅದಕ್ಕೂ ಟಿಕೆಟ್ ತೆಗಿ ಎಂದನಂತೆ, ಇದು ಕೂಸು, ಅರ್ಧ ಟಿಕೆಟ್ಟೂ ಇಲ್ಲ ಎಂದು ಇವನು ಹೇಳಿದನಂತೆ. ಚಾದರ ಬಿಚ್ಚಿದಾಗ ಅವ್ವ ಬಾಯಿಗೆ ಸೆರಗು ಹಚ್ಚಿದಳು. ಸಾಗವಾನಿ ಕಟ್ಟಿಗೆ, ಮೇಲೆ ಫೌಂಡ್ರಿಯ ಪ್ಯಾಟರ್ನಿಗೆ ಹಚ್ಚುವ ಕೆಂಪು ಬಣ್ಣ, ಎಲ್ಲಿ ಕೈಯಿಟ್ಟರೂ ಜಾರಬೇಕು. ಅಷ್ಟು ಚೆಂದದ ವಸ್ತುವನ್ನು ನನಗಾಗಿ ಯಾರೂ ಮಾಡಿರಲಿಲ್ಲ. ನನ್ನ ಚೀಲದಲ್ಲಿ ಸ್ಟೀಲಿನ ಪಟ್ಟಿ ಇತ್ತು. ಅಂಚಿನ ದುಂಡು ಅಳೆಯುವ ಗೇಜೂ ಇತ್ತು. ನಾನು ಕೈಯಾಡಿಸಿ ನೋಡಿದೆ, ಭಾಳ ಛಲೋ ಆಗೇತಿ ಎಂದೆ, ಚಹಾಕ್ಕೆ ಇಟ್ಟೆ. ಅವನು ಹೋದ ಮೇಲೆ ಅಳೆಯಬೇಕಿತ್ತು. ಅಳೆಯಲಿಲ್ಲ. ಫೌಂಡ್ರಿಯವರಾದರೂ ಹೊರಗಿನವರು, ನಾನು ತಂಗಿ. ಅವನು ಹೋದ ಮೇಲೂ ನನಗೆ ಮನಸ್ಸು ಬರಲಿಲ್ಲ.

ಫೆಬ್ರವರಿಯಲ್ಲಿ ಹಗಲು ಕರೆಂಟು ಬಂದ ಎರಡು ವಾರಗಳಲ್ಲಿ ಇಪ್ಪತ್ತಾರು ಓಟ ಓಡಿಸಿದೆ. ಇಪ್ಪತ್ತಾರೂ ಕೆಟ್ಟವು. ನಿಧಾನ ಓಡಿಸಿದರೆ ನೀರು ಅಂಚಿನಲ್ಲಿ ಬಿಟ್ಟುಕೊಳ್ಳದೆ ಪಕ್ಕಗಳನ್ನು ಹತ್ತಿ ಹತ್ತಿ ಬಿಲ್ಲೆಯನ್ನೆಲ್ಲ ತೋಯಿಸುತ್ತಿತ್ತು. ಜೋರು ಓಡಿಸಿದರೆ ಮಾದರಿ ನೀರಿನ ಮೇಲಕ್ಕೆ ಏಳಬೇಕಾದ್ದು ಬಾಲ ನೀರಿಗೆ ಕಚ್ಚಿಕೊಂಡು ಕೂಡುತ್ತಿತ್ತು, ಮೂಗು ಎತ್ತುತ್ತಿತ್ತು, ಕುಕ್ಕುತ್ತಿತ್ತು. ಹನ್ನೊಂದನೆಯ ಓಟದಲ್ಲಿ ಪೂರಾ ಮುಳುಗಿತು. ನಾನು ಸೀರೆ ಎತ್ತಿಕಟ್ಟಿ ಸೊಂಟದ ತನಕ ನೀರಿಗಿಳಿದು ತಂದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, ಬಾಯಾರ, ಅದು ಹಾರೂದು ಯಾವಾಗರಿ ಎಂದು ಕೇಳಿದಳು. ಪಾಪ, ಸುಮ್ಮನೆ ಕೇಳಿದ್ದು. ಅವಳ ಮೇಲೆ ನನಗೆ ಬಂದ ಸಿಟ್ಟು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಪ್ಪು ನನ್ನ ಲೆಕ್ಕದಲ್ಲಿದೆ ಎಂದು ನಾನು ನಂಬಿದೆ. ಭಾರವನ್ನು ಮುಂದೆ ಸರಿಸಿದೆ, ಹಿಂದೆ ಸರಿಸಿದೆ. ದಾರ ಕಟ್ಟುವ ಕೊಂಡಿಯನ್ನು ಮೇಲೆ ಮಾಡಿದೆ, ಕೆಳಗೆ ಮಾಡಿದೆ. ಕಾಲೇಜಿನಿಂದ ಬಂದು ಕುಕ್ಕರ್ ಇಟ್ಟು, ಅದು ಕೂಗುವ ತನಕ ಹಾಳೆ ಹರಡಿಕೊಂಡು ಮೊದಲಿಂದ ಲೆಕ್ಕ ಮಾಡುತ್ತಿದ್ದೆ. ಲೆಕ್ಕ ಪ್ರತಿ ಸಲ ಸರಿ ಬರುತ್ತಿತ್ತು, ಅದೇ ದೊಡ್ಡ ತ್ರಾಸು. ಲೆಕ್ಕ ಸರಿ ಇದ್ದೂ ದೋಣಿ ಮುಳುಗಿದರೆ, ನಾನು ಒಂಬತ್ತು ವರ್ಷ ಓದಿದ್ದೇ ನನಗೆ ತಿಳಿದಿಲ್ಲ ಎಂದಾಗುತ್ತದೆ. ಒಂದು ದಿನ ಪಾಠ ಮಾಡುತ್ತ ಮಾಡುತ್ತ ಬೋರ್ಡಿನ ಎದುರು ಸುಮ್ಮನೆ ನಿಂತುಬಿಟ್ಟೆ. ಹುಡುಗಿಯರು, ಮ್ಯಾಡಮ್ ಆರಾಮಿಲ್ಲೇನ್ರಿ ಎಂದರು. ಆರಾಮಿದ್ದೆ, ದಣಿದಿದ್ದೆ, ಅಷ್ಟೆ.

ಮಾರ್ಚ್ ಮೊದಲ ವಾರದ ಒಂದು ಮುಂಜಾನೆ, ಮಾದರಿಗೆ ಹತ್ತಿದ್ದ ಪಾಚಿಯನ್ನು ಹಿತ್ತಲಿನ ನಳದ ಕೆಳಗೆ ತೊಳೆಯುತ್ತಿದ್ದೆ. ಹೆಬ್ಬೆರಳು ಅಂಚಿನುದ್ದಕ್ಕೆ ಜಾರಿ ಹೋಯಿತು. ಎಲ್ಲೂ ಚುಚ್ಚಲಿಲ್ಲ. ಮತ್ತೊಮ್ಮೆ ಜಾರಿಸಿದೆ. ಪಾತ್ರೆ ತಿಕ್ಕುವವರಿಗೆ ಅಂಚು ಗೊತ್ತಾಗದೆ ಇರುವುದಿಲ್ಲ. ಒಳಗಿನಿಂದ ಗೇಜು ತಂದು ಹಚ್ಚಿದೆ. ತಳವೂ ಪಕ್ಕವೂ ಕೂಡುವ ಅಂಚು ಎರಡೂ ಕಡೆ, ಮುಂದಿನಿಂದ ಹಿಂದಿನ ತನಕ, ಆರು ಮಿಲಿಮೀಟರ್ ದುಂಡು. ಮೆಟ್ಟಿಲಿನ ತುದಿಯೂ ಆರು ಮಿಲಿಮೀಟರ್ ದುಂಡು. ಮೆಟ್ಟಿಲಿನ ಒಳಮೂಲೆಯಲ್ಲಿ ಮೇಣ ತುಂಬಿ, ಬೆರಳಿನಿಂದ ನಯವಾಗಿ ಎಳೆದು, ಮೇಲೆ ಬಣ್ಣ ಹಚ್ಚಿದ್ದ. ಮೆಟ್ಟಿಲು ಮೆಟ್ಟಿಲಾಗಿ ಉಳಿದಿರಲಿಲ್ಲ, ಇಳಿಜಾರಾಗಿತ್ತು. ನನ್ನ ಡ್ರಾಯಿಂಗಿನಲ್ಲಿ ಆ ಮೂರು ಕಡೆಯೂ 'ಚೂಪು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ನಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ಯಾಕೆ ಹಾಗೆ ಮಾಡಿದ ಎಂದು ನನಗೆ ಆ ಕ್ಷಣವೇ ತಿಳಿಯಿತು. ಪ್ಯಾಟರ್ನಿನಲ್ಲಿ ಚೂಪು ಮೂಲೆ ಬಿಡುವುದು ಪಾಪ. ಚೂಪು ಇದ್ದರೆ ಮಣ್ಣಿನಿಂದ ಎತ್ತುವಾಗ ಅಚ್ಚು ಹರಿಯುತ್ತದೆ, ಎರಕ ಆರುವಾಗ ಅಲ್ಲೇ ಬಿರುಕು ಬಿಡುತ್ತದೆ. ಒಳಮೂಲೆಗೆ ಮೇಣ, ಹೊರಮೂಲೆಗೆ ಪಾಲಿಶ್ ಕಾಗದ, ಅಪ್ಪ ಅವನಿಗೆ ಮೊದಲ ದಿನ ಕಲಿಸಿದ್ದೇ ಅದು. ತಂಗಿ ಓದಿದವಳು, ಡ್ರಾಯಿಂಗ್ ತೆಗೆದಿದ್ದಾಳೆ, ಕೈಕೆಲಸದ ತಿಳಿವಳಿಕೆ ಎಲ್ಲಿಂದ ಬರಬೇಕು ಎಂದುಕೊಂಡು, ನನ್ನ ತಪ್ಪನ್ನು ಸದ್ದಿಲ್ಲದೆ ತಿದ್ದಿಕೊಟ್ಟಿದ್ದ. ಅದೂ ಪ್ರೀತಿಯೇ. ಆದರೆ ಆ ಮುಂಜಾನೆ ನನಗೆ ಅದನ್ನು ಪ್ರೀತಿ ಎನ್ನುವಷ್ಟು ತ್ರಾಣ ಇರಲಿಲ್ಲ.

ಅವನಿಗೆ ಹೇಳದೆ ಕಾಲೇಜಿನ ವರ್ಕ್‌ಶಾಪಿನಲ್ಲೇ ತಿದ್ದಿಸಿಬಿಡಲೇ ಎಂದು ಎರಡು ದಿನ ಯೋಚಿಸಿದೆ. ಆದರೆ ಒರೆದು ದುಂಡು ಮಾಡಿದ ಕಟ್ಟಿಗೆಯನ್ನು ಮತ್ತೆ ಒರೆದು ಚೂಪು ಮಾಡಲಾಗುವುದಿಲ್ಲ. ಅದಕ್ಕೆ ಅವನ ಕೈಯೇ ಬೇಕು. ಗಡುವಿಗೆ ಇಪ್ಪತ್ತು ಚಿಲ್ಲರೆ ದಿನ ಉಳಿದಿದ್ದವು. ಮಾದರಿಯನ್ನು ಅದೇ ಚಾದರದಲ್ಲಿ ಸುತ್ತಿಕೊಂಡು ಕೊಲ್ಹಾಪುರದ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಮೊದಲೆಲ್ಲ ಮೂರು ಜನ ಇರುತ್ತಿದ್ದರು. ಈಗ ಪ್ಯಾಟರ್ನನ್ನು ಮಷೀನೇ ಕೊರೆಯುತ್ತದೆ, ಇವನ ಪಾಲಿಗೆ ರಿಪೇರಿ ಉಳಿದಿದೆ. ನಾನು ಹೇಳಬೇಕಾದ್ದನ್ನು ಬಸ್ಸಿನಲ್ಲಿ ನಾಲ್ಕು ಥರ ಜೋಡಿಸಿಕೊಂಡಿದ್ದೆ, ಅಲ್ಲಿ ಎಲ್ಲ ಮರೆತು, ಅಣ್ಣಾ, ಅಂಚು ದುಂಡ ಮಾಡಿದಿ, ಅದಕ್ಕ ದೋಣಿ ಮುಳಗಾಕತ್ತೈತಿ ಎಂದುಬಿಟ್ಟೆ.

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಸಿಟ್ಟು ಬಂದಾಗ ಅವನು ದನಿ ಎತ್ತುವುದಿಲ್ಲ, ಕನ್ನಡಕ ಒರೆಸುತ್ತಾನೆ.

"ಮುವ್ವತ್ತ ವರ್ಷದಾಗ ನನ್ನ ಮಾಲ ಯಾರೂ ತಿರುಗಿ ತಂದಿಲ್ಲ," ಎಂದ. "ಚೂಪ ಬಿಟ್ಟರ ಹರೀತೈತಿ. ನಿಮ್ಮ ಕಾಲೇಜಿನ್ಯಾಗ ಇಷ್ಟೂ ಕಲಿಸಾಂಗಿಲ್ಲೇನು?"

ಹರಿಯುವುದು ಮಣ್ಣು, ನಮಗೆ ಮಣ್ಣಿನ ಕೆಲಸವಿಲ್ಲ, ನೀರಿನ ಕೆಲಸ ಎಂದೆ. ನೀರು ಮಣ್ಣಿಗಿಂತ ಮೆತ್ತಗೆ, ಅದಕ್ಕೆ ದುಂಡೇ ಬೇಕು ಎಂದ. ಒತ್ತಡದ ಮಾತು ತೆಗೆದೆ, ಗಾಳಿ ಮೆಟ್ಟಿಲಿನ ಹಿಂದೆ ನುಗ್ಗಬೇಕು ಎಂದೆ. ಅವನು ತಲೆ ಅಲ್ಲಾಡಿಸುತ್ತ, ಮುಂದಿದ್ದ ಕಟ್ಟಿಗೆಯನ್ನು ರಂದಾ ಎಳೆದು ಹೆರೆಯುತ್ತ ನಿಂತ. ನನಗೆ ರೇಗಿತು. ಓದಿಸಿದವನು ಎಂಬ ಭಾರವನ್ನೆಲ್ಲ ಬದಿಗಿಟ್ಟು ಕೇಳಿದೆ, ನಿಮ್ಮ ಫೌಂಡ್ರಿಯಲ್ಲಿ ಕಬ್ಬಿಣ ಹೊಯ್ಯುವ ಕೌಳಿಗೆ ಬಾಯಿ ಹೆಂಗಿರಬೇಕು?

ರಂದಾ ನಿಂತಿತು. ಕೌಳಿ ಎಂದರೆ ಕರಗಿದ ಕಬ್ಬಿಣ ಹೊತ್ತು ತಂದು ಅಚ್ಚಿಗೆ ಸುರಿಯುವ ಪಾತ್ರೆ. ಅದರ ಬಾಯಿ ಸವೆದು ದುಂಡಾದರೆ ಕಬ್ಬಿಣ ಮುಂದಕ್ಕೆ ಬೀಳದೆ ಪಾತ್ರೆಯ ಹೊಟ್ಟೆಗುಂಟ ಹರಿದು ಕೆಳಗೆ ನಿಂತವನ ಕಾಲ ಮೇಲೆ ಬೀಳುತ್ತದೆ. ಅಪ್ಪನ ಎಡಪಾದದ ಮೇಲೆ ಅಂಥ ಒಂದು ಕಲೆ ಇತ್ತು. ಅಣ್ಣ ಮೂಲೆಯಲ್ಲಿದ್ದ ಚಹಾದ ಕಿಟ್ಲಿ ತಂದ. ಅದರ ಮೂತಿ ಬಡಿಸಿಕೊಂಡು ದುಂಡಾಗಿತ್ತು. ಆರಿದ ಚಹಾ ನಿಧಾನ ಬಗ್ಗಿಸಿದ. ಚಹಾ ಮೂತಿಯನ್ನೇ ಕಚ್ಚಿಕೊಂಡು, ಕಿಟ್ಲಿಯ ಹೊಟ್ಟೆಗುಂಟ ಇಳಿದು ಅವನ ಮುಂಗೈ ತೋಯಿಸಿತು. ಹೆಬ್ಬೆರಳಿನ ಉಗುರನ್ನು ಮೂತಿಯ ತುದಿಗೆ ಚೂಪಾಗಿ ಹಿಡಿದು ಮತ್ತೆ ಬಗ್ಗಿಸಿದ. ಈಗ ಧಾರೆ ಉಗುರಿನಿಂದ ಬಿಟ್ಟುಕೊಂಡು ನೇರಕ್ಕೆ ನೆಲಕ್ಕೆ ಬಿತ್ತು. ನಾನು ಒಂಬತ್ತು ವರ್ಷ ಬರೆದ ಪ್ರಬಂಧದ ಮೊದಲ ಅಧ್ಯಾಯ ಅಷ್ಟೇ.

ಮಾದರಿಯನ್ನು ಬೋರಲು ಮಲಗಿಸಿ ಮೆಟ್ಟಿಲಿನ ಮೇಣವನ್ನು ಕೆರೆಯತೊಡಗಿದ.

ಮೂರು ದಿನ ಹಿಡಿಯಿತು. ಮೆಟ್ಟಿಲಿನ ಮುಖವನ್ನು ಆರು ಮಿಲಿಮೀಟರ್ ಮುಂದಕ್ಕೆ ಕಡಿದು ಹೊಸ ತುದಿ ತಂದ. ಎರಡೂ ಅಂಚುಗಳ ಉದ್ದಕ್ಕೆ ಸಣ್ಣ ಸಂದು ತೋಡಿ, ಅದರಲ್ಲಿ ಸನ್‌ಮೈಕಾದ ತೆಳು ಪಟ್ಟಿ ಕೂಡಿಸಿ, ತಳದ ಸಮಕ್ಕೆ ಚೂಪಾಗಿ ಕೊರೆದ. ಅವನ ಕೈಗೆ ಅದು ಒಗ್ಗುತ್ತಿರಲಿಲ್ಲ. ಒಂದೊಂದು ಅಂಚು ಮುಗಿದಾಗಲೂ ಬಲಗೈ ತಾನಾಗಿ ಪಾಲಿಶ್ ಕಾಗದದ ಕಡೆ ಹೋಗುತ್ತಿತ್ತು. ಎರಡನೆಯ ದಿನ ಕಾಗದದ ಕಟ್ಟನ್ನೇ ನನ್ನ ಕೈಗೆ ಕೊಟ್ಟು, ಇದನ್ನ ಹಿಡ್ಕೊಂಡು ಹೊರಗ ಕುಂಡರು ಎಂದ. ಶೆಡ್ಡಿನ ಹೊರಗೆ ಬಿಸಿಲಲ್ಲಿ, ಮಡಿಲಲ್ಲಿ ಪಾಲಿಶ್ ಕಾಗದ ಇಟ್ಟುಕೊಂಡು ಪರೀಕ್ಷೆಯ ಪೇಪರು ತಿದ್ದುತ್ತ ಕೂತೆ. ಮೂರನೆಯ ಸಂಜೆ ಅವನೇ ಅಳತೆಪಟ್ಟಿ ನನ್ನ ಮುಂದೆ ಚಾಚಿದ. ನಾನು ಅವನ ಎದುರಿಗೇ ಅಳೆದೆ. ಇಬ್ಬರಿಗೂ ಹಿತವೆನಿಸಲಿಲ್ಲ.

ಆಮೇಲಿನ ಹಗಲು ಕರೆಂಟಿನ ವಾರದಲ್ಲಿ ಮಾದರಿ ಓಡಿತು. ಓಡಿತು ಎಂದರೆ ಬೇರೆ ಮಾತೇ ಇಲ್ಲ. ನೀರು ಎರಡೂ ಅಂಚಿನಿಂದ ತೆಳುವಾಗಿ ಅಗಲಕ್ಕೆ ಬಿಟ್ಟುಕೊಂಡಿತು, ಮಾದರಿ ಮೆಟ್ಟಿಲಿನ ಮೇಲೆ ಎದ್ದು ನಿಂತು ಕುಕ್ಕದೆ ಬಂತು, ಬಿಲ್ಲೆಯ ಕೆಳಗಿನ ತುದಿಗೆ ನಾಲ್ಕು ಹನಿ ಅಷ್ಟೆ. ಕುಣಿದಾಡಬೇಕಿತ್ತು. ದಾಖಲೆ ಪುಸ್ತಕದಲ್ಲಿ ಬರೆಯುತ್ತ ಕೂತೆ. ಫೆಬ್ರವರಿಯ ಇಪ್ಪತ್ತಾರು ಓಟಗಳ ಕೆಳಗೆ ಒಂದು ಗೆರೆ ಎಳೆದು, 'ಮಾದರಿಯಲ್ಲಿ ಸಣ್ಣ ಬದಲಾವಣೆ' ಎಂದು ಬರೆದು ಮುಂದಿನ ಓಟಕ್ಕೆ ಹೋದೆ. ಏನು ಬದಲಾವಣೆ, ಯಾಕೆ ಎಂದು ಬರೆಯಲಿಲ್ಲ. ಬರೆದರೆ ಅಣ್ಣನ ತಪ್ಪನ್ನು ಕಾಗದಕ್ಕೆ ಏರಿಸಿದಂತೆ ಆಗುತ್ತದಲ್ಲ.

ಗಡುವಿಗೆ ಮೂರು ದಿನ ಇದ್ದಾಗ ಪರೀಕ್ಷಕರು ಬಂದರು. ಕೊಂಕಣದ ಕಡೆ ಹಡಗಿನ ತಳಗಳ ಮೇಲೆ ಕೆಲಸ ಮಾಡಿದ, ಸಣ್ಣಗೆ ಮಾತಾಡುವ ವಯಸ್ಸಾದವರು. ಡ್ರಮ್ಮಿನ ಮೋಟಾರು ನೋಡಿಕೊಳ್ಳಲು ಅಣ್ಣ ಒಂದು ದಿನ ಶೆಡ್ಡು ಮುಚ್ಚಿ ಬಂದಿದ್ದ. ಮೂರು ಓಟ ತೋರಿಸಿದೆ, ಮೂರೂ ಸುಸೂತ್ರ. ಅವರು ಹೂಂ ಎಂದು ತಲೆದೂಗಿ, ಪಂಪಿನ ಮನೆಯ ಕಟ್ಟೆಯ ಮೇಲೆ ಕೂತು ದಾಖಲೆ ಪುಸ್ತಕ ಬಿಚ್ಚಿದರು. ಪೆನ್ನು ಕೈಯಲ್ಲೇ ಇತ್ತು. ಹಾಳೆ ತಿರುವುತ್ತ ತಿರುವುತ್ತ ಆ ಗೆರೆಯ ಹತ್ತಿರ ನಿಂತರು.

ಇದೇನು ಎಂದು ಮರಾಠಿಯಲ್ಲಿ ಕೇಳಿದರು. ಅದೇ ಮಾದರಿ, ಅದೇ ಭಾರ, ಇಪ್ಪತ್ತಾರು ಓಟ ಪೂರಾ ಕೆಟ್ಟವು, ಮುಂದಿನವೆಲ್ಲ ಪೂರಾ ಒಳ್ಳೆಯವು. ಏನು ಬದಲಾಯಿತು? ಅಂಚು ಸುಧಾರಿಸಿದೆ ಎಂದೆ. ಡ್ರಾಯಿಂಗಿನಲ್ಲಿ ಮೊದಲಿಂದಲೂ ಅಂಚು ಚೂಪೇ ಇದೆಯಲ್ಲ, ಹಾಗಾದರೆ ಫೆಬ್ರವರಿಯಲ್ಲಿ ಓಡಿಸಿದ್ದು ಯಾವುದನ್ನು ಎಂದರು. ಅವರು ಗದರಿಸಲಿಲ್ಲ. ಕಾರಣವಿಲ್ಲದೆ ಬದಲಾದ ಅಂಕಿಗಳಿಗೆ ನಾನು ಸಹಿ ಹಾಕಲಾರೆ ಮ್ಯಾಡಮ್, ಈ ಅಂಕಿಗಳನ್ನು ನೀವು ಮನೆಯಲ್ಲಿ ಕೂತು ಸುಳ್ಳೇ ಬರೆದಿದ್ದೀರಿ ಎಂದು ನಾಳೆ ಯಾರಾದರೂ ಅಂದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ ಎಂದರು. ಪೆನ್ನಿನ ಟೊಪ್ಪಿಗೆ ಹಾಕಿದರು.

ಒಂದೇ ವಾಕ್ಯ ಹೇಳಿದರೆ ಮುಗಿಯುತ್ತಿತ್ತು. ಅಣ್ಣ ಹತ್ತು ಹೆಜ್ಜೆ ಆಚೆ, ದಾರ ಸುತ್ತುತ್ತ ನಿಂತಿದ್ದ. ಆ ವಾಕ್ಯವನ್ನು ಅವನ ಎದುರಿಗೆ, ಹೊರಗಿನವರೊಬ್ಬರ ಮುಂದೆ ಹೇಳುವುದು ನನ್ನಿಂದ ಆಗಲಿಲ್ಲ. ಒಂಬತ್ತು ವರ್ಷ ಹೋಗುತ್ತದೆ, ನೌಕರಿ ಹೋಗುತ್ತದೆ ಎಂದು ಸ್ಪಷ್ಟ ತಿಳಿದಿದ್ದೂ ಆಗಲಿಲ್ಲ. ಬಂಧಾರದ ಹಲಗೆಗಳ ಸಂದಿಯಿಂದ ಸೋರುವ ನೀರನ್ನು ನೋಡುತ್ತ ನಿಂತೆ.

ಅಣ್ಣ ದಾರ ಕೆಳಗಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದು ಅವರ ಮುಂದೆ ನಿಂತ.

"ಸಾಹೇಬ, ತೀ ಚೂಕ ಮಾಝೀ ಆಹೇ," ಎಂದ. ಆ ತಪ್ಪು ನನ್ನದು.

ಆಮೇಲೆ ಎಲ್ಲ ಹೇಳಿದ. ಡ್ರಾಯಿಂಗಿನಲ್ಲಿ ಚೂಪು ಎಂದು ಬರೆದದ್ದನ್ನು ಓದಿಯೂ ದುಂಡು ಮಾಡಿದೆ, ತಂಗಿಗೆ ತಿಳಿಯುವುದಿಲ್ಲ ಅಂದುಕೊಂಡೆ ಎಂದ. ಮಣ್ಣು ಹರಿಯುವುದನ್ನು ಹೇಳಿದ, ಮೇಣ ಹೇಗೆ ಎಳೆಯುತ್ತಾರೆ ಎಂದು ಬೆರಳಿನಿಂದ ಗಾಳಿಯಲ್ಲಿ ತೋರಿಸಿದ. ಮುವ್ವತ್ತು ವರ್ಷದಲ್ಲಿ ಅವನು ತಪ್ಪು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ, ಹೆಂಡತಿಯ ಹತ್ತಿರವೂ ಒಪ್ಪುವವನಲ್ಲ. ಪರೀಕ್ಷಕರು ಅವನನ್ನೂ ಕಟ್ಟೆಯ ಮೇಲೆ ಕೂಡಿಸಿಕೊಂಡರು. ದುಂಡು ಎಷ್ಟಿತ್ತು ಎಂದು ಕೇಳಿದರು. ಆರು ಮಿಲಿಮೀಟರ್, ಹಿಂದಕ್ಕೂ ಮುಂದಕ್ಕೂ ಒಂದೇ ಸಮ, ಗೇಜು ಹಚ್ಚಿ ಮಾಡಿದ್ದು ಎಂದ. ಅಲ್ಲಿ ಮಾತ್ರ ಅವನ ದನಿ ಸ್ವಲ್ಪ ಏರಿತು.

ಪರೀಕ್ಷಕರು ಪುಸ್ತಕ ನನ್ನ ಕೈಗಿಟ್ಟರು. ಇದನ್ನೇ ಬರೆಯಿರಿ, ಈಗಲೇ, ನಿಮ್ಮ ಕೈಯಿಂದ ಎಂದರು. ದುಂಡಿನ ಅಳತೆ ಗೊತ್ತಿರುವ ಇಪ್ಪತ್ತಾರು ಓಟ ನಿಮ್ಮ ಹತ್ತಿರ ಇವೆ, ಅದನ್ನು ಮುಚ್ಚಿಡುತ್ತಾರೆಯೇ, ಅದಕ್ಕೊಂದು ಬೇರೆ ಅಧ್ಯಾಯ ಮಾಡಿ ಎಂದರು. ನಾನು ಕಟ್ಟೆಯ ಮೇಲೆ ಕೂತು ಎರಡು ವಾಕ್ಯ ಬರೆದೆ. ಅಣ್ಣನಿಗೆ ಇಂಗ್ಲಿಷು ಕೂಡಿಸಿಕೊಂಡು ಓದಲು ಬರುತ್ತದೆ, ಆದರೂ, ಏನ ಬರದಿ, ಓದು ಎಂದ. ಕನ್ನಡದಲ್ಲಿ ಹೇಳಿದೆ: ಮಾದರಿ ಕೈಗೆ ಬಂದಾಗ ನಾನು ಅಳೆದು ನೋಡಲಿಲ್ಲ. ಮಾಡಿದವರು ಅಂಚನ್ನು ದುಂಡು ಮಾಡಿದ್ದರು.

ಅವನು ಹಾಳೆಯ ಮೇಲೆ ಬೆರಳಿಟ್ಟ.

"ನಂದ ಮೊದಲ ಬರಿ," ಎಂದ. "ಮಾಡಿದಾಂವ ನಾ, ನೋಡಲಾರದಾಕಿ ನೀ. ಪಾಳಿ ಹಂಗ ಐತಿ."

ನಾನು ಎರಡನ್ನೂ ಹೊಡೆದುಹಾಕಿ ಮತ್ತೆ ಬರೆದೆ. ಅವನದು ಮೊದಲು, ನನ್ನದು ಆಮೇಲೆ. ಹೊಡೆದುಹಾಕಿದ ಜಾಗಕ್ಕೂ ಪರೀಕ್ಷಕರು ಒಂದು ಸಹಿ ಹಾಕಿದರು, ಕೆಳಗೂ ಒಂದು ಹಾಕಿದರು. ಸಹಿ ಆದ ದಿನ ಹೇಗೆ ಸಂತೋಷಪಡಬೇಕು ಎಂದು ಒಂಬತ್ತು ವರ್ಷ ಬಸ್ಸಿನಲ್ಲಿ ಕೂತು ಯೋಚಿಸಿದ್ದೆ. ಆ ಸಂತೋಷ ಬರಲಿಲ್ಲ. ಅಣ್ಣ ಮತ್ತೆ ದಂಡೆಗೆ ಹೋಗಿ ನಮಗೆ ಬೆನ್ನು ಮಾಡಿ ದಾರ ಸುತ್ತುತ್ತಿದ್ದ, ಮುಗಿದ ದಾರವನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಅವನು ಈ ಕಡೆ ತಿರುಗುವ ತನಕ ನಾನು ಪರೀಕ್ಷಕರಿಗೆ ಚಹಾ ಕೊಡುತ್ತ ಅಲ್ಲೇ ನಿಂತೆ.